ಸೆಲ್ಫ್ ಮೋಟಾರು ಮತ್ತು ನಮ್ಮ ವಿಜ್ಞಾನ ಪಾಠ

ಕಾರಿನ ಕೀಲಿಯನ್ನು ತಿರುಗಿಸಿದಾಗ ‘ಟಕ್’ ಎಂಬ ಸದ್ದೊಂದು ಬಂದು ಎಂಜಿನ್ ಸುಮ್ಮನಿದ್ದುಬಿಟ್ಟರೆ ನಮ್ಮಲ್ಲಿ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಗ್ಯಾರೇಜಿಗೆ ಫೋನಾಯಿಸುವುದು. ಅದು ತಪ್ಪೇನಲ್ಲ. ಆದರೆ ಫೋನಾಯಿಸುವ ಮುನ್ನ ಐದು ನಿಮಿಷ ಕಾರಣವನ್ನು ಹುಡುಕುವ ಅಭ್ಯಾಸ ನಮ್ಮಿಂದ ಏಕೆ ದೂರವಾಯಿತು? ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿದ ನನಗೆ ಈ ಪ್ರಶ್ನೆ ಗ್ಯಾರೇಜಿಗಿಂತ ಹೆಚ್ಚಾಗಿ ತರಗತಿಗೆ ಸಂಬಂಧಿಸಿದ್ದೆಂದು ತೋರುತ್ತದೆ.

ನಮ್ಮ ತಲೆಮಾರಿನವರು ಹ್ಯಾಂಡಲ್ ಹೊಡೆದು ಕಾರನ್ನು ಚಾಲೂ ಮಾಡುವುದನ್ನು ಕಂಡವರು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟು ಮುರಿಯುವ ಅಪಾಯ ಅದರಲ್ಲಿತ್ತು. ಅದನ್ನು ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಡೇಟನ್ ನಗರದ ಒಂದು ಕೊಟ್ಟಿಗೆಯಲ್ಲಿ ತನ್ನ ಸಂಗಡಿಗರೊಡನೆ ಅವನು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಅದಕ್ಕೂ ಮೊದಲು ಅವನು ಅಂಗಡಿಗಳ ಹಣದ ಪೆಟ್ಟಿಗೆಯ ಯಂತ್ರಕ್ಕೆ ಮೋಟಾರ್ ಜೋಡಿಸಿದ್ದನು. ಸದಾ ಓಡಬೇಕಾದ ಮೋಟಾರಿಗೂ ಕ್ಷಣಕಾಲ ಮಾತ್ರ ಭಾರಿ ಬಲ ಕೊಡಬೇಕಾದ ಮೋಟಾರಿಗೂ ವ್ಯತ್ಯಾಸವಿದೆ ಎಂಬ ಅಲ್ಲಿನ ಅನುಭವವೇ ಇಲ್ಲಿ ಫಲ ಕೊಟ್ಟಿತು. ಈ ಕೆಟರಿಂಗ್ ಆರಂಭದಲ್ಲಿ ಶಾಲಾ ಉಪಾಧ್ಯಾಯನಾಗಿದ್ದನೆಂಬುದು ನಮ್ಮ ವೃತ್ತಿಯವರಿಗೆ ಸಂತೋಷದ ಸಂಗತಿ.

ನಮ್ಮ ಜನ ‘ಸೆಲ್ಫ್’ ಎಂದು ಕರೆಯುವ ಈ ಸಾಧನದ ಕೆಲಸ ಸರಳ, ಆದರೆ ಅದರ ಹಸಿವು ದೊಡ್ಡದು. ಮನೆಯ ಅರವತ್ತು ವ್ಯಾಟಿನ ಬಲ್ಬು ಸುಮಾರು ಕಾಲು ಆಂಪಿಯರ್ ವಿದ್ಯುತ್ತನ್ನು ಎಳೆದರೆ, ಕಾರಿನ ಸ್ಟಾರ್ಟರ್ ನೂರು ಆಂಪಿಯರಿಗೂ ಹೆಚ್ಚು ಎಳೆಯಬಲ್ಲದು. ಅಷ್ಟು ವಿದ್ಯುತ್ತನ್ನು ಕೀಲಿಯ ಸಣ್ಣ ಸ್ವಿಚ್ಚು ತಾಳಲಾರದು. ಆದ್ದರಿಂದ ಕೀಲಿಯು ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತವನ್ನು ಎಚ್ಚರಿಸುತ್ತದೆ. ಅದು ಪುಟ್ಟ ಹಲ್ಲುಗಾಲಿಯೊಂದನ್ನು ಮುಂದಕ್ಕೆ ತಳ್ಳಿ ಫ್ಲೈವೀಲಿನ ದೊಡ್ಡ ಹಲ್ಲುಗಾಲಿಗೆ ಸೇರಿಸುತ್ತದೆ. ಜೊತೆಗೆ ಬ್ಯಾಟರಿಯ ದಪ್ಪ ತಂತಿಗೂ ಮೋಟಾರಿಗೂ ಸಂಪರ್ಕ ಕಲ್ಪಿಸುತ್ತದೆ. ನಾವು ಕೇಳುವ ‘ಟಕ್’ ಎಂಬ ಸದ್ದು ಈ ಸೊಲೆನಾಯ್ಡಿನದು.

ಹೀಗಾಗಿ ಆ ಸದ್ದಿಗೂ ಒಂದು ಅರ್ಥವಿದೆ. ಮುಂದಿನ ದೀಪಗಳನ್ನು ಹೊತ್ತಿಸಿ ಕೀಲಿ ತಿರುಗಿಸಬೇಕು. ದೀಪ ತೀರ ಮಂಕಾದರೆ ಮೊದಲು ಬ್ಯಾಟರಿಯನ್ನೂ ಅದರ ತುದಿಗಳಲ್ಲಿ ಕಟ್ಟಿದ ಕಿಲುಬನ್ನೂ ನೋಡಬೇಕು. ದೀಪ ಪ್ರಕಾಶಮಾನವಾಗಿಯೇ ಇದ್ದು ಎಂಜಿನ್ ತಿರುಗದಿದ್ದರೆ ಸಂದೇಹ ಸ್ಟಾರ್ಟರಿನತ್ತ ಅಥವಾ ಅದರ ತಂತಿಗಳತ್ತ ಹೋಗಬೇಕು. ಇಷ್ಟು ತಿಳಿದವನು ಚೆನ್ನಾಗಿರುವ ಬ್ಯಾಟರಿಯನ್ನು ಸುಮ್ಮನೆ ಬದಲಾಯಿಸುವುದಿಲ್ಲ.

ಕಳೆದ ವರ್ಷ ನಮ್ಮ ಹಳೆಯ ಕಾರಿನ ಸ್ಟಾರ್ಟರನ್ನು ಮನೆಯಂಗಳದಲ್ಲಿಯೇ ಬದಲಿಸಿದೆ. ಪಳಗಿದ ಮೆಕ್ಯಾನಿಕ್ ಒಂದು ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ನನಗೆ ಮೂರು ಗಂಟೆ ಹಿಡಿಯಿತು. ಕೆಲಸದ ಕ್ರಮ ಇಷ್ಟೇ: ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಟ್ಟು, ಉಂಗುರ ಗಡಿಯಾರಗಳನ್ನು ತೆಗೆದಿಟ್ಟು, ಮೊದಲಿಗೆ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಏಕೆ ಮೊದಲು ಋಣ ತುದಿ? ಕಾರಿನ ಲೋಹದ ಮೈಯೆಲ್ಲ ಆ ತುದಿಗೇ ಸೇರಿರುತ್ತದೆ. ಅದನ್ನು ಬಿಚ್ಚದೆ ಧನ ತುದಿಗೆ ಹಾಕಿದ ಸ್ಪ್ಯಾನರು ಮೈಗೆ ತಗುಲಿದರೆ ಮಿಂಚಿನಂತಹ ಕಿಡಿ ಹಾರುತ್ತದೆ. ಅನಂತರ ಸ್ಟಾರ್ಟರಿನ ತಂತಿಗಳನ್ನು ಕಳಚಿ, ಅದನ್ನು ಹಿಡಿದಿಟ್ಟ ಎರಡು ಮೂರು ಬೋಲ್ಟುಗಳನ್ನು ಬಿಚ್ಚಿದರೆ ಅದು ಕೈಗೆ ಬರುತ್ತದೆ. ಹೊಸದರ ಹಲ್ಲುಗಳ ಸಂಖ್ಯೆ ಮತ್ತು ಬೋಲ್ಟಿನ ತೂತುಗಳ ಸ್ಥಾನ ಹಳೆಯದಕ್ಕೆ ಸರಿಹೊಂದುತ್ತವೆಯೇ ಎಂದು ನೋಡಿ ಕೂರಿಸಬೇಕು. ಋಣ ತುದಿಯನ್ನು ಎಲ್ಲಕ್ಕೂ ಕೊನೆಯಲ್ಲಿ ಜೋಡಿಸಬೇಕು. ಕಾರಿನ ಅಡಿಗೆ ಹೋಗಬೇಕಾದರೆ ಭದ್ರವಾದ ಸ್ಟ್ಯಾಂಡುಗಳಿರಲೇಬೇಕು. ಬರಿಯ ಜಾಕನ್ನು ನಂಬಿ ಅಡಿಗೆ ನುಸುಳುವುದು ಪ್ರಾಣಕ್ಕೆ ಎರವಾದೀತು.

ಕಳಚಿದ ಹಳೆಯ ಮೋಟಾರನ್ನು ಹಾಳೆಯ ಮೇಲಿಟ್ಟು ಬಿಚ್ಚಿದೆ. ಕಾರ್ಬನ್ ಬ್ರಷ್‌ಗಳು ಬುಡದವರೆಗೆ ಸವೆದಿದ್ದವು. ಕಮ್ಯುಟೇಟರಿನ ತಾಮ್ರದಲ್ಲಿ ಆಳವಾದ ಗೀರುಗಳಾಗಿದ್ದವು. ಹತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. “ನಿನ್ನ ಪುಸ್ತಕದಲ್ಲಿರುವ ಮೋಟಾರಿನ ಚಿತ್ರವನ್ನು ತಾ, ಹೋಲಿಸಿ ನೋಡೋಣ” ಎಂದೆ. “ತಾತ, ನಮ್ಮ ಪುಸ್ತಕದಲ್ಲಿ ಮೋಟಾರಿನ ಪಾಠವೇ ಇಲ್ಲ” ಎಂದಳು.

ಅವಳ ಮಾತು ನಿಜವಾಗಿತ್ತು. ವಿದ್ಯಾರ್ಥಿಗಳ ಹೊರೆ ಇಳಿಸುವ ಉದ್ದೇಶದಿಂದ 2022ರಲ್ಲಿ ಎನ್.ಸಿ.ಇ.ಆರ್.ಟಿ. ಪಠ್ಯಗಳನ್ನು ಮೊಟಕುಗೊಳಿಸಿದಾಗ ಹತ್ತನೆಯ ತರಗತಿಯ ವಿಜ್ಞಾನದಿಂದ ವಿದ್ಯುತ್ ಮೋಟಾರು, ವಿದ್ಯುತ್ಕಾಂತೀಯ ಪ್ರೇರಣೆ ಮತ್ತು ಜನರೇಟರುಗಳನ್ನು ಕೈಬಿಟ್ಟಿತು. ಫ್ಲೆಮಿಂಗನ ಎಡಗೈ ನಿಯಮ ಮಾತ್ರ ಉಳಿದುಕೊಂಡಿತು. ನಿಯಮವಿದೆ, ಅದು ದುಡಿಯುವ ಯಂತ್ರವಿಲ್ಲ! ರಸ್ತೆಯಲ್ಲಿ ವಿದ್ಯುತ್ ಸ್ಕೂಟರುಗಳೂ ಕಾರುಗಳೂ ಹೆಚ್ಚುತ್ತಿರುವ ಕಾಲದಲ್ಲಿ ಪುಸ್ತಕದಿಂದ ಮೋಟಾರು ಇಳಿದುಹೋಯಿತೆಂಬುದು ನನಗೆ ಅರಗಿಸಿಕೊಳ್ಳಲಾಗದ ಸಂಗತಿ. ಹೊರೆ ಇಳಿಸುವುದು ಬೇಡವೆನ್ನುವುದಿಲ್ಲ. ಆದರೆ ಕೈಯಿಂದ ಮುಟ್ಟಿ ಕಲಿಯಬಹುದಾದುದೇ ಮಕ್ಕಳಿಗೆ ಅತ್ಯಂತ ಹಗುರವಾದ ಪಾಠವೆಂಬುದನ್ನು ಯಾವ ಅನುಭವಿ ಶಿಕ್ಷಕರೂ ಬಲ್ಲರು.

ಕೈಗೂ ಬುದ್ಧಿಗೂ ನಂಟು ಬೆಸೆಯಬೇಕೆಂಬ ಮಾತು ನಮ್ಮಲ್ಲಿ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮಂಡಿಸಿದ ಮೂಲಶಿಕ್ಷಣದ ತಿರುಳು ಅದೇ. 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವೃತ್ತಿಶಿಕ್ಷಣದ ಮಾತನ್ನಾಡಿದೆ. ವರದಿಗಳಿಗೆ ಕೊರತೆಯಿಲ್ಲ, ಮಸಿ ಹತ್ತಿದ ಕೈಯನ್ನು ಕೀಳಾಗಿ ಕಾಣುವ ನಮ್ಮ ಮನಸ್ಸು ಮಾತ್ರ ಬದಲಾಗಿಲ್ಲ. “ಸರಿಯಾಗಿ ಓದದಿದ್ದರೆ ಗ್ಯಾರೇಜಿಗೆ ಸೇರಿಸುತ್ತೇನೆ” ಎಂದು ಮಕ್ಕಳನ್ನು ಹೆದರಿಸುವ ತಂದೆತಾಯಿಯರು ಇಂದಿಗೂ ಇದ್ದಾರೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದ ನಾಡಿನಲ್ಲಿಯೇ ಈ ಮಾತು ಕೇಳಿಬರುತ್ತಿದೆ.

ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಮೆಕ್ಯಾನಿಕರ ಹೊಟ್ಟೆಪಾಡೇನು ಎಂದು ಮಿತ್ರರೊಬ್ಬರು ಕೇಳಿದರು. ಎಲ್ಲರೂ ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಲೂ ಬೇಕಿಲ್ಲ. ಹೊಸ ಕಾರುಗಳಲ್ಲಿ ಎಂಜಿನ್ನು ತಾನೇ ನಿಂತು ತಾನೇ ಹೊರಡುವ ಏರ್ಪಾಡುಗಳಿವೆ. ಕೆಲವದರಲ್ಲಿ ಸ್ಟಾರ್ಟರಿನ ಬಳಿಗೆ ಕೈ ಹೋಗುವುದೇ ಕಷ್ಟ. ಅಲ್ಲಿ ಬಲ್ಲವರಿಗೆ ಒಪ್ಪಿಸುವುದೇ ವಿವೇಕ. ಆದರೆ ಒಮ್ಮೆ ಆ ಬಿಗಿದ ಬೋಲ್ಟಿನೊಡನೆ ಸೆಣಸಿದವನು ಮೆಕ್ಯಾನಿಕನ ಕೂಲಿಗಾಗಿ ಚೌಕಾಶಿ ಮಾಡಲಾರ. ಕೆಲಸ ಬಲ್ಲ ಗಿರಾಕಿಯಿಂದ ಪ್ರಾಮಾಣಿಕ ಕೆಲಸಗಾರನಿಗೆ ನಷ್ಟವಿಲ್ಲ.

ನನ್ನ ಸಲಹೆ ದೊಡ್ಡದೇನಲ್ಲ. ಪ್ರತಿಯೊಂದು ಪ್ರೌಢಶಾಲೆಯೂ ಊರಿನ ಗ್ಯಾರೇಜಿನಿಂದ ಕೆಟ್ಟುಹೋದ ಒಂದು ಸ್ಟಾರ್ಟರನ್ನು ಗುಜರಿಯ ಬೆಲೆಗೆ ತರಲಿ. ಒಂದು ಶನಿವಾರ ಆ ಗ್ಯಾರೇಜಿನವರನ್ನೇ ಕರೆಸಿ, ಮೇಷ್ಟರ ಕುರ್ಚಿಯ ಪಕ್ಕದಲ್ಲಿ ಕೂರಿಸಿ, ಮಕ್ಕಳ ಕೈಯಿಂದ ಅದನ್ನು ಬಿಚ್ಚಿಸಲಿ. ಪಠ್ಯದಲ್ಲಿ ಇಲ್ಲವೆಂಬ ಕಾರಣಕ್ಕೆ ಅದನ್ನು ತಡೆಯುವವರು ಯಾರೂ ಇಲ್ಲ. ನಿವೃತ್ತರಾದ ನನ್ನ ಸಹೋದ್ಯೋಗಿ ಮಿತ್ರರು ತಮ್ಮ ತಮ್ಮ ಊರುಗಳಲ್ಲಿ ಇದನ್ನು ಆರಂಭಿಸಬಹುದು. ನಮಗೆ ಪಿಂಚಣಿಯೂ ಇದೆ, ಬಿಡುವೂ ಇದೆ.