ದ್ರೋಹಿ ಅನ್ನುವ ಮೊದಲು ತೂಕದ ಚೀಟಿ ನೋಡ್ರಿ

ಹಲಸಿ, ನಂದಗಡ, ಬೀಡಿ ಸುತ್ತಿನ ರೈತ ಬಾಂಧವರೇ,

ಕಬ್ಬು ನುರಿಸುವ ಹಂಗಾಮು ಮತ್ತು ನವೆಂಬರ್ 1 ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಕೂಡಿಯೇ ಬರುತ್ತವೆ. ಟನ್ನಿಗೆ ಎಷ್ಟು ಕೊಡತೀರಿ ಅಂತ ನಾವು ಕೇಳಬೇಕಾದ ಹೊತ್ತಿನಲ್ಲೇ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಎಂ.ಇ.ಎಸ್.ನವರ ಕರಾಳ ದಿನ. ಆ ವಾರ 'ನಾಡದ್ರೋಹಿ' ಅನ್ನೋ ಮಾತು ಓಣಿಓಣಿಯಾಗ ಹಾರಾಡತದ, ಕಬ್ಬಿನ ದರದ ಸಭೆಯೊಳಗೂ ನುಗ್ಗತದ. ಖಾನಾಪುರ ತಾಲೂಕಿನಲ್ಲಿ ಕನ್ನಡ ಮಾತಾಡುವ ರೈತನ ಹೊಲಕ್ಕೆ ಹತ್ತಿಯೇ ಮರಾಠಿ ಮಾತಾಡುವವನ ಹೊಲ ಇದೆ. ಇಬ್ಬರ ಗಾಡಿಯೂ ಒಂದೇ ತೂಕದ ಕಾಟಾದ ಮೇಲೆ ನಿಲ್ಲತಾವ. ಸಭೆಯಲ್ಲಿ ಒಬ್ಬ ಆ ಮಾತು ಒದರಿದರೆ ಸಾಕು, ಅರ್ಧ ಮಂದಿ ಟವೆಲ್ ಕೊಡವಿ ಎದ್ದು ಹೋಗತಾರ. ಉಳಿದ ಅರ್ಧಕ್ಕೆ ಕಾರ್ಖಾನೆಯವರು ಯಾಕ ಅಂಜಬೇಕು?

ದ್ರೋಹ ಅನ್ನುವುದು ನಮ್ಮ ನೆಲದಲ್ಲಿ ಹಗುರ ಶಬ್ದ ಅಲ್ಲ. 1824ರಲ್ಲಿ ಕಿತ್ತೂರು ಕಾದಿ ಸೋತ ಮೇಲೆ ಕಂಪನಿ ಸರಕಾರ ಸಂಗೊಳ್ಳಿ ರಾಯಣ್ಣನ ಹೊಲ ಕಸಿದುಕೊಂಡಿತು, ಉಳಿದದ್ದರ ಮೇಲೆ ಕಂದಾಯ ಹೇರಿತು. ಅವನು ಬೀಡಿಯ ಕಚೇರಿಗೆ ಬೆಂಕಿ ಹಚ್ಚಿದ. 1830ರಲ್ಲಿ ನಮ್ಮವರೇ ಅವನನ್ನು ಮೋಸದಿಂದ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ದ್ರೋಹ ಅಂದರ ಅದು. ಮನೆಯಲ್ಲಿ ಮರಾಠಿ ಆಡಿದವನಿಗೂ, ಉತಾರ ಮರಾಠಿಯಲ್ಲಿ ಕೊಡ್ರಿ ಅಂದವನಿಗೂ ಅದೇ ಹೆಸರು ಇಟ್ಟರೆ, ರಾಯಣ್ಣನನ್ನು ಹಿಡಿದುಕೊಟ್ಟವರಿಗೆ ಯಾವ ಹೆಸರು ಉಳೀತು?

2021ರ ಡಿಸೆಂಬರ್ ನೆನಪು ಮಾಡಿಕೊಳ್ಳಿರಿ. ಬೆಂಗಳೂರಿನಲ್ಲಿ ಶಿವಾಜಿ ಮಹಾರಾಜರ ಪ್ರತಿಮೆಗೆ ಮಸಿ ಸುರಿದರು. ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಮೂರ್ತಿ ಭಗ್ನ ಮಾಡಿದರು. ಸುವರ್ಣಸೌಧದಲ್ಲಿ ಅಧಿವೇಶನ ನಡೆದಿದ್ದ ದಿನಗಳು ಅವು. ಅದೇ ಸೌಧದ ಎದುರು 2013ರ ನವೆಂಬರಿನಲ್ಲಿ ಕಬ್ಬಿನ ಬೆಲೆ ಕೇಳಲು ಬಂದ ರೈತನೊಬ್ಬ ವಿಷ ಕುಡಿದು ಪ್ರಾಣ ಬಿಟ್ಟಿದ್ದ. ಶಿವಾಜಿ 1673ರಲ್ಲಿ ಚಿಪಳೂಣದ ತನ್ನ ಸೇನಾಧಿಕಾರಿಗಳಿಗೆ ಬರೆದ ಪತ್ರ ಈಗಲೂ ಇದೆ: ರೈತರ ಕಾಳಿಗೆ, ಹುಲ್ಲಿಗೆ, ಕಾಯಿಪಲ್ಲೆಗೆ ಕೈ ಹಚ್ಚಬಾರದು ಅಂತ ತಾಕೀತು ಮಾಡಿದ್ದಾನೆ. ಮಸಿ ಸುರಿದವರೂ ಓದಿಲ್ಲ, ಭಗವಾ ಧ್ವಜ ಹಿಡಿದವರೂ ಓದಿದಂತೆ ಕಾಣುವುದಿಲ್ಲ.

ಹಲಸಿಯನ್ನೂ ಈ ಜಗಳಕ್ಕೆ ಎಳೆಯುತ್ತಾರೆ. ಇದು ಕದಂಬರ ಪಲಾಶಿಕಾ, ಹೌದು, ನಮಗೆ ಹೆಮ್ಮೆಯೇ. ಆದರೆ ಐದನೆಯ ಶತಮಾನದ ಕಾಕುತ್ಸ್ಥವರ್ಮನ ತಾಮ್ರಪಟದಲ್ಲಿ ಇರುವುದೇನು? ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಒಂದು ಹೊಲ ಕೊಟ್ಟ ಸಂಗತಿ. ಭಾಷೆ ಸಂಸ್ಕೃತ. ಇಂಥ ಹಳೆಯ ದಾನಶಾಸನಗಳ ಕೊನೆಗೆ ಶಾಪ ಇರುವುದು ಕೊಟ್ಟ ಭೂಮಿ ಕಸಿದವನಿಗೆ. ಬೇರೆ ಭಾಷೆ ಆಡಿದವನಿಗೆ ಶಾಪ ಹಾಕಿದ ಅರಸ ನಮಗಂತೂ ಸಿಕ್ಕಿಲ್ಲ.

2025ರ ಫೆಬ್ರುವರಿಯಲ್ಲಿ ಮರಾಠಿ ಬರುವುದಿಲ್ಲ ಅಂದ ಬಸ್ ಕಂಡಕ್ಟರನನ್ನು ಬೆಳಗಾವಿ ಹತ್ತಿರ ಬಡಿದರು. ಬಡಿದದ್ದು ಅಪರಾಧ, ಅದಕ್ಕೆ ಕಾಯಿದೆ ಅದ. ಆದರೆ ಮುಂದೆ ಎರಡೂ ರಾಜ್ಯಗಳ ಬಸ್ಸಿಗೆ ಮಸಿ ಬಳಿದರು, ಗಡಿ ದಾಟುವ ಬಸ್ಸು ನಿಂತವು. ಸಂತೆಗೆ, ದವಾಖಾನೆಗೆ ಹೊರಟವರು ರಸ್ತೆ ಮೇಲೆ ಉಳಿದರು.

ಈ ಹೆಸರಿಡುವ ಆಟ ನಾಳೆ ನಮ್ಮ ಮೇಲೂ ತಿರುಗತದ. ದಿಲ್ಲಿ ಗಡಿಯಲ್ಲಿ 2020ರ ಚಳಿಯಲ್ಲಿ ಕುಳಿತ ಪಂಜಾಬಿನ ರೈತರಿಗೆ 'ಖಲಿಸ್ತಾನಿ' ಅಂದರು. ಆ ಶಬ್ದದ ಹಿಂದೆ ಪಂಜಾಬಿನಲ್ಲಿ ಸಾವಿರಾರು ಹೆಣ ಬಿದ್ದಿವೆ. 2021ರ ಜನವರಿಯಲ್ಲಿ ಸರಕಾರದ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿನೊಳಗೇ ಖಲಿಸ್ತಾನಿಗಳು ನುಸುಳಿದ್ದಾರೆ ಅಂದರು. ಕೇಳಿದ್ದು ಮಾತ್ರ ಬೆಂಬಲ ಬೆಲೆ, ಮೂರು ಕಾಯಿದೆಗಳ ರದ್ದತಿ. ಆ ಹೆಸರಿಗೆ ಅವರು ಎದ್ದು ಹೋಗಲಿಲ್ಲ. ಹರಿಯಾಣದವರು, ಉತ್ತರ ಪ್ರದೇಶದವರು ಬಂದು ಜೊತೆಗೆ ಕೂತರು. ಅದೇ ವರ್ಷ ನವೆಂಬರಿನಲ್ಲಿ ಕಾಯಿದೆ ವಾಪಸಾದವು.

1966ರ ಕಬ್ಬು ನಿಯಂತ್ರಣ ಆದೇಶ ಓದಿ ನೋಡ್ರಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ. ಈ ಬಡ್ಡಿ ನಿಮ್ಮಲ್ಲಿ ಎಷ್ಟು ಮಂದಿ ಕಂಡೀರಿ? ಈ ಸಲದ ಸಭೆಗೆ ತೂಕದ ಚೀಟಿ, ಬಿಲ್ಲು ತಗೊಂಡು ಬರ್ರಿ. ಬಾಜೂ ಹೊಲದ ಮರಾಠಿ ಭಾವುವನ್ನೂ ಕರಕೊಂಡು ಬರ್ರಿ, ಅವನ ಚೀಟಿಯೂ ಇರಲಿ. ಯಾರಾದರೂ ದ್ರೋಹಿ ಅಂತ ಎದ್ದು ನಿಂತರೆ, ಮೊದಲು ಅವನ ಬಾಕಿ ಎಷ್ಟು ಅಂತ ಕೇಳ್ರಿ.