ಮಾತು ಮುಗಿದ ಮೇಲೆ ಎರಡು ಸಾಲು ಬರೆಯಿರಿ

"ನಿನ್ನೆ ಫೋನಲ್ಲೇ ಹೇಳಿದ್ನಲ್ರೀ!"

ತಾಲೂಕು ಕಚೇರಿಗಳಲ್ಲಿ ಸುದ್ದಿಗಾಗಿ ಓಡಾಡುವವರಿಗೆ ಇದು ಹೊಸ ಮಾತಲ್ಲ. "ಇಲ್ಲ ಸಾರ್, ನೀವು ಹಾಗೆ ಹೇಳಿರ್ಲಿಲ್ಲ" ಎಂಬ ಉತ್ತರವೂ ಹೊಸದಲ್ಲ. ಇವೆರಡರ ನಡುವೆ ಯಾರದೋ ಪಹಣಿ ತಿದ್ದುಪಡಿ, ಯಾರದೋ ವೃದ್ಧಾಪ್ಯ ವೇತನ ಸಿಕ್ಕಿಕೊಂಡಿರುತ್ತದೆ.

ಶಿಕಾರಿಪುರ, ಸೊರಬ ಎರಡೂ ಸಾಗರ ಉಪವಿಭಾಗಕ್ಕೆ ಸೇರಿದ ತಾಲೂಕುಗಳು. ಜಿಲ್ಲಾ ಕೇಂದ್ರ ಶಿವಮೊಗ್ಗ. ಅಂದರೆ ತಾಲೂಕಿನ ನೌಕರನ ಮೇಲಧಿಕಾರಿ ಒಂದು ಊರಲ್ಲಿ, ಅವರ ಮೇಲಧಿಕಾರಿ ಇನ್ನೊಂದು ಊರಲ್ಲಿ. ಎದುರು ಕೂತು ಮಾತಾಡಬೇಕೆಂದರೆ ಬಸ್ಸಿಗೇ ಅರ್ಧ ದಿನ ಹೋಗುತ್ತದೆ. ಹಾಗಾಗಿ ಎಲ್ಲವೂ ಫೋನಿನಲ್ಲೇ ಮುಗಿಯುತ್ತದೆ. ಬೇಗ ಆಗುತ್ತದೆ, ನಿಜ. ಆದರೆ ಆದೇಶ ಮಾತಿನಲ್ಲಿ ಬಂದು, ಹೊಣೆ ಮಾತ್ರ ಕೆಳಗಿನವರ ಸಹಿಯಲ್ಲಿ ಉಳಿಯುತ್ತದೆ. ನೋಟಿಸ್ ಬರುವುದು ಸಹಿ ಹಾಕಿದವರಿಗೆ. ಹೇಳಿದವರ ದನಿಗೆ ದಾಖಲೆ ಎಲ್ಲಿದೆ?

ಹಾಗೆಂದು ಎಲ್ಲವನ್ನೂ ಇಮೇಲ್‌ನಲ್ಲೇ ಕಳಿಸಿ ಎಂದರೆ ತಪ್ಪಾದೀತು. 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಸುತ್ತಲಿನ ನೆಲಕ್ಕೆ ಇಳಿಯುತ್ತದೆ. ಸೊಪ್ಪು, ಸೌದೆಗೆ ಹೋದವರಿಗೆ ಕಚ್ಚುತ್ತದೆ. ಸತ್ತ ಮಂಗ ಕಂಡ ಆಶಾ ಕಾರ್ಯಕರ್ತೆ ಮೇಲ್ ಟೈಪ್ ಮಾಡುತ್ತ ಕೂರಬೇಕೆ? ಮೊದಲು ಆಸ್ಪತ್ರೆಗೆ ಫೋನ್, ಆಮೇಲೆ ಮನೆಮನೆಗೆ ಹೋಗಿ ಎಚ್ಚರಿಕೆ. ಬರಹ ಅದಾದ ನಂತರ.

ಇಮೇಲ್ ಗುರಾಣಿಯೂ ಆಗುತ್ತದೆ. ರಾತ್ರಿ ಹತ್ತಕ್ಕೆ "ಮೇಲ್ ಹಾಕಿದ್ದೇನೆ, ನೋಡ್ಕೊಳ್ಳಿ" ಎಂದು ಕೈ ತೊಳೆದುಕೊಳ್ಳುವವರಿದ್ದಾರೆ. ಒಬ್ಬರನ್ನು ಬೈಯಲು ಹತ್ತು ಮಂದಿಗೆ ಪ್ರತಿ ಕಳಿಸುವವರೂ ಇದ್ದಾರೆ. ಕೆಲಸದಲ್ಲಿ ಲೋಪವಿದ್ದರೆ ಕರೆದು ಕೂರಿಸಿ ಮಾತಾಡಬೇಕು. ಮುಖ ನೋಡಿ ಹೇಳಿದರೆ ಎದುರಿಗಿರುವವರ ಕಷ್ಟವೂ ಕಿವಿಗೆ ಬೀಳುತ್ತದೆ.

ನನ್ನ ವಾದ ಇಷ್ಟೇ. ತುರ್ತಿಗೆ ಫೋನ್, ಮನಸ್ತಾಪಕ್ಕೆ ಮುಖಾಮುಖಿ. ಆದರೆ ಮಾತಿನಲ್ಲಿ ಏನಾದರೂ ತೀರ್ಮಾನವಾಯಿತೋ, ಅದು ಬರಹಕ್ಕೆ ಇಳಿಯಲೇಬೇಕು.

ಇದನ್ನು ದೊಡ್ಡವರೂ ಹೇಳಿದ್ದಾರೆ. 2013ರ ಅಕ್ಟೋಬರ್‌ನಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಗಳು ಬಾಯಿಮಾತಿನ ಸೂಚನೆಯ ಮೇಲೆ ಕೆಲಸ ಮಾಡಕೂಡದು, ಅದನ್ನು ದಾಖಲಿಸಬೇಕು ಎಂದಿತು. 2005ರ ಮಾಹಿತಿ ಹಕ್ಕು ಕಾಯ್ದೆ 'ಮಾಹಿತಿ' ಎಂಬುದರಲ್ಲಿ ಇಮೇಲ್ ಅನ್ನೂ ಹೆಸರಿಸಿ ಸೇರಿಸಿದೆ. ಮೇಲ್ ಇದ್ದರೆ ಹಳ್ಳಿಯವರೂ ಅರ್ಜಿ ಹಾಕಿ ಪ್ರತಿ ಕೇಳಬಹುದು. ಫೋನಿನಲ್ಲಿ ಆಡಿ ಬಿಟ್ಟ ಮಾತಿಗೆ ಯಾವ ಅರ್ಜಿ ಹಾಕುವುದು?

ನಮ್ಮ ವೃತ್ತಿಯೇನೂ ಇದಕ್ಕೆ ಹೊರತಲ್ಲ. ತಾಲೂಕು ವರದಿಗಾರ ಸುದ್ದಿ ಕಳಿಸುತ್ತಾನೆ. ಡೆಸ್ಕ್‌ನಿಂದ ಫೋನ್ ಬರುತ್ತದೆ: ಆ ಹೆಸರು ತೆಗಿ, ಈ ಸಾಲು ಸೇರಿಸು. ನಾಳೆ ವಕೀಲರ ನೋಟಿಸ್ ಬಂದರೆ ಸುದ್ದಿಯ ಮೇಲಿರುವುದು ವರದಿಗಾರನ ಹೆಸರು. ಅದರಲ್ಲೂ ಸಂಬಳವಿಲ್ಲದೆ, ಕಾಲಂ ಲೆಕ್ಕದಲ್ಲಿ ದುಡಿಯುವವನ ಪರವಾಗಿ ನಿಲ್ಲುವವರು ಯಾರು?

ಮಾತನ್ನು ಬರೆದಿಡುವುದು ಈ ಸೀಮೆಗೆ ಹೊಸ ಪಾಠವೂ ಅಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿ, ತಾಳಗುಂದದ ಕಲ್ಲುಗಳನ್ನು ನೋಡಿ. ಯಾರು, ಯಾರಿಗೆ, ಏನು ಕೊಟ್ಟರು ಎಂಬುದನ್ನು ಕೊರೆಸಿಟ್ಟವರ ಊರು ನಮ್ಮದು.

ನಮಗೆ ಕಲ್ಲೂ ಬೇಡ, ಉಳಿಯೂ ಬೇಡ. ಫೋನ್ ಇಟ್ಟ ಕೂಡಲೇ ಕನ್ನಡದಲ್ಲೇ ಎರಡು ಸಾಲು ಸಾಕು: "ಸಾರ್, ಈಗ ತಾವು ಹೇಳಿದಂತೆ ಹೀಗೆ ಮಾಡುತ್ತಿದ್ದೇನೆ. ವ್ಯತ್ಯಾಸವಿದ್ದರೆ ತಿಳಿಸಿ." ಇದಕ್ಕೆ ಸಿಟ್ಟಾಗುವ ಮೇಲಧಿಕಾರಿ ಸಿಕ್ಕರೆ, ಅಂಥವರ ಜೊತೆ ಈ ಎರಡು ಸಾಲು ಇನ್ನೂ ಹೆಚ್ಚು ಅಗತ್ಯ ಎಂದುಕೊಳ್ಳಿ.