ತೋಳ ಬಂತು ತೋಳ: ಮರಳಿದ್ದು ಪ್ರಾಣಿಯೋ, ಬರಿಯ ಹೆಸರೋ?

ಹತ್ತು ಸಾವಿರ ವರ್ಷಗಳಿಗೂ ಹಿಂದೆ ಉತ್ತರ ಅಮೆರಿಕದಲ್ಲಿ ನಾಮಾವಶೇಷವಾಗಿದ್ದ ‘ಡೈರ್ ವುಲ್ಫ್’ ಎಂಬ ಬೃಹತ್ ತೋಳವನ್ನು ಮರಳಿ ತಂದಿರುವುದಾಗಿ ಅಮೆರಿಕದ ಕೊಲೊಸಲ್ ಬಯೋಸೈನ್ಸಸ್ ಸಂಸ್ಥೆ 2025ರ ಏಪ್ರಿಲ್ 7ರಂದು ಘೋಷಿಸಿತು. ರೋಮುಲಸ್, ರೀಮಸ್ ಹಾಗೂ ಖಲೀಸಿ ಎಂಬ ಮೂರು ಬಿಳಿ ಮರಿಗಳ ಚಿತ್ರಗಳು ಜಗತ್ತಿನಾದ್ಯಂತ ಪ್ರಕಟವಾದವು. ಆದರೆ ಹುಟ್ಟಿರುವುದಾದರೂ ಏನು ಎಂಬ ಪ್ರಶ್ನೆಗೆ ಅಷ್ಟು ಪ್ರಚಾರ ದೊರೆಯಲಿಲ್ಲ.

13 ಸಾವಿರ ವರ್ಷ ಹಳೆಯ ಹಲ್ಲು ಹಾಗೂ 72 ಸಾವಿರ ವರ್ಷ ಹಳೆಯ ತಲೆಬುರುಡೆಯಿಂದ ವಿಜ್ಞಾನಿಗಳು ಡಿಎನ್‌ಎ ಪಡೆದು ಓದಿದರು. ಅದನ್ನು ಮಾದರಿಯಾಗಿಟ್ಟುಕೊಂಡು, ಇಂದಿನ ಬೂದು ತೋಳದ ಜೀವಕೋಶದಲ್ಲಿ 14 ವಂಶವಾಹಿಗಳಿಗೆ ಸಂಬಂಧಿಸಿದ 20 ತಿದ್ದುಪಡಿಗಳನ್ನು ಮಾಡಿದರು. ತಿದ್ದಿದ ಕೋಶಕೇಂದ್ರವನ್ನು ನಾಯಿಯ ಅಂಡಾಣುವಿನಲ್ಲಿಟ್ಟು, ಸಾಕುನಾಯಿಗಳನ್ನೇ ಬಾಡಿಗೆ ತಾಯಂದಿರನ್ನಾಗಿಸಲಾಯಿತು. ಹಳೆಯ ಹಲ್ಲಿನಲ್ಲಿದ್ದ ಜೀವ ಚಿಗುರಿತೆಂಬ ಜನಪ್ರಿಯ ಕಲ್ಪನೆಗೂ ಇದಕ್ಕೂ ಸಂಬಂಧವಿಲ್ಲ.

ಲೆಕ್ಕ ಸರಳವಾಗಿದೆ. ತೋಳದ ಡಿಎನ್‌ಎಯಲ್ಲಿ ಸುಮಾರು 240 ಕೋಟಿ ‘ಅಕ್ಷರ’ಗಳಿವೆ. ಎರಡೂ ಪ್ರಾಣಿಗಳ ನಡುವೆ ಶೇ 99.5ರಷ್ಟು ಸಾಮ್ಯವಿದೆಯೆಂಬ ಸಂಸ್ಥೆಯ ಮಾತನ್ನೇ ಒಪ್ಪಿಕೊಂಡರೂ, ಉಳಿದ ಅರ್ಧ ಶೇಕಡಾ ಎಂದರೆ 1.2 ಕೋಟಿ ವ್ಯತ್ಯಾಸಗಳು. ತಿದ್ದಿದ್ದು ಇಪ್ಪತ್ತು! ಇವು ಡೈರ್ ತೋಳಗಳೂ ಅಲ್ಲ, ಅವುಗಳ ಬದಲಿಗಳೂ ಅಲ್ಲ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ತಜ್ಞರ ಗುಂಪು ಸ್ಪಷ್ಟಪಡಿಸಿತು. ಮರಿಗಳು 20 ತಿದ್ದುಪಡಿಗಳಿರುವ ಬೂದು ತೋಳಗಳೇ ಎಂದು ಸಂಸ್ಥೆಯ ಮುಖ್ಯ ವಿಜ್ಞಾನಿ ಬೆತ್ ಶಪಿರೊ ಅವರೂ ಮರು ತಿಂಗಳೇ ಹೇಳಿದರು. ಆ ವೇಳೆಗೆ ಸುದ್ದಿ ಊರೆಲ್ಲ ಸುತ್ತಿ ಬಂದಾಗಿತ್ತು.

ತಂತ್ರಜ್ಞಾನದ ಮುನ್ನಡೆಯನ್ನು ಅಲ್ಲಗಳೆಯುವಂತಿಲ್ಲ. 2003ರಲ್ಲಿ ಸ್ಪೇನ್‌ನಲ್ಲಿ ಅಳಿದುಹೋಗಿದ್ದ ಬುಕಾರ್ಡೊ ಎಂಬ ಕಾಡುಮೇಕೆಯ ತದ್ರೂಪಿ ಮರಿ ಹುಟ್ಟಿತಾದರೂ, ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷಗಳಲ್ಲಿ ಅಸುನೀಗಿತ್ತು. ಅದಕ್ಕೆ ಹೋಲಿಸಿದರೆ ಇದು ದೊಡ್ಡ ಸಾಧನೆಯೇ ಸರಿ.

ಕಳವಳವಿರುವುದು ಪ್ರಯೋಗಾಲಯದ ಹೊರಗೆ. ಘೋಷಣೆಯ ಬೆನ್ನಲ್ಲೇ ಅಮೆರಿಕದ ಆಂತರಿಕ ವ್ಯವಹಾರಗಳ ಸಚಿವ ಡಗ್ ಬರ್ಗಮ್, ಅಳಿವಿನಂಚಿನ ಪ್ರಾಣಿಗಳ ರಕ್ಷಣೆಗೆ ಸರ್ಕಾರಿ ನಿಯಂತ್ರಣಕ್ಕಿಂತ ಇಂತಹ ನಾವೀನ್ಯವೇ ದಾರಿ ಎಂಬರ್ಥದ ಹೇಳಿಕೆ ನೀಡಿದರು. ಹತ್ತು ದಿನ ಕಳೆಯುವುದರೊಳಗೆ, ಪ್ರಾಣಿಗಳ ನೆಲೆಯನ್ನು ಹಾಳುಗೆಡಹುವುದನ್ನೂ ‘ಹಾನಿ’ ಎಂದೇ ಪರಿಗಣಿಸುವ ನಿಯಮವನ್ನು ಕೈಬಿಡುವ ಪ್ರಸ್ತಾವವನ್ನು ಅಲ್ಲಿನ ಸರ್ಕಾರ ಪ್ರಕಟಿಸಿತು. ಒಂದು ಮತ್ತೊಂದರ ಫಲವೆಂದು ಹೇಳಲಾಗದು. ಆದರೆ ಬೇಕೆಂದಾಗ ಹುಟ್ಟಿಸಿಕೊಳ್ಳಬಹುದೆಂಬ ಭರವಸೆ, ಕಾಡಿಗೆ ಕೊಡಲಿ ಇಡುವವರಿಗೆ ಒದಗುವ ಸಬೂಬಾಗಬಲ್ಲದು.

ಭಾರತಕ್ಕೂ ಈ ಆಸೆ ಹೊಸತೇನಲ್ಲ. 1952ರಲ್ಲಿ ದೇಶದಿಂದ ಅಳಿದುಹೋಯಿತೆಂದು ಘೋಷಿಸಲಾದ ಚೀತಾವನ್ನು ತದ್ರೂಪಿ ವಿಧಾನದಿಂದ ಮರಳಿ ಪಡೆಯಲು ಹೈದರಾಬಾದ್‌ನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಯೋಜನೆ ಹಾಕಿಕೊಂಡಿತ್ತು. ಇರಾನ್ ತನ್ನ ಏಷ್ಯಾ ಚೀತಾಗಳನ್ನು ನೀಡಲು ಒಪ್ಪದ್ದರಿಂದ ಅದು ಕೈಗೂಡಲಿಲ್ಲ. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಕುನೊ ಉದ್ಯಾನಕ್ಕೆ ಬಂದಿಳಿದವು ನಮೀಬಿಯಾದ ಎಂಟು ಜೀವಂತ ಚೀತಾಗಳು. ಅವುಗಳ ಓಡಾಟಕ್ಕೆ ಸಾಕಷ್ಟು ಬಯಲೂ ಬೇಟೆಯೂ ಅಲ್ಲಿದೆಯೇ ಎಂಬ ಚರ್ಚೆ ಅಂದೇ ಆರಂಭವಾಯಿತು. ಕೊಲೊಸಲ್‌ನ ಮೂರು ತೋಳಗಳಿಗೆ ಆ ಪ್ರಶ್ನೆ ಎದುರಾಗಿಲ್ಲ. ಸುಮಾರು 2 ಸಾವಿರ ಎಕರೆಯ ಬೇಲಿಯೊಳಗೆ ಅವುಗಳಿಗೆ ಆಹಾರವನ್ನು ಸಂಸ್ಥೆಯೇ ಒದಗಿಸುತ್ತದೆ.